2021ರ ಲಸಿಕೆ ಅಭಿಯಾನ ನಿಧಾನವಾಯ್ತಾ, ಇಲ್ಲಾ ನಮ್ಮ ನಿರೀಕ್ಷೆಯೇ ಜಾಸ್ತಿ ಆಯ್ತಾ?

ಹೊಳೆಸಾಲು:
ಕೋವಿಡ್ ಲಸಿಕೆ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಎರಡು ಪಾರ್ಟಿ ಆಗುತ್ತೆ. ಒಂದು ಪಾರ್ಟಿ ಹೇಳೋದು: 2021ರ ಜನವರಿ 16ಕ್ಕೆ ಶುರು ಮಾಡಿ ಅಕ್ಟೋಬರ್ 21ಕ್ಕೆ 100 ಕೋಟಿ ಡೋಸ್ ಮುಟ್ಟಿಸಿದ್ದು ಸಣ್ಣ ಮಾತಲ್ಲ, ಇಷ್ಟು ದೊಡ್ಡ ದೇಶದಲ್ಲಿ ಇದಕ್ಕಿಂತ ಬೇಗ ಯಾರ ಕೈಲೂ ಆಗ್ತಿರಲಿಲ್ಲ, ಜನಕ್ಕೇ ತಾಳ್ಮೆ ಇರಲಿಲ್ಲ. ಇನ್ನೊಂದು ಪಾರ್ಟಿ, ಅಂದರೆ ನಾನು ಮತ್ತು ನನ್ನ ಅಕ್ಕ, ಹೇಳೋದು: ತೀರಾ ಬೇಕಾಗಿದ್ದ ಏಪ್ರಿಲ್-ಮೇ ತಿಂಗಳಲ್ಲೇ ಲಸಿಕೆ ಸಿಗಲಿಲ್ಲ, ಆಮೇಲೆ ಎಷ್ಟು ಕೋಟಿ ಮುಟ್ಟಿದರೇನು?

ಇಲ್ಲಿ ಆರೋಗ್ಯ ಇಲಾಖೆಯವರು, ಔಷಧ ಕಂಪನಿಯಲ್ಲಿ ಕೆಲಸ ಮಾಡೋರು ಇದ್ದೀರಿ ಅಂತ ಕೇಳ್ತಾ ಇದ್ದೀನಿ. ಎಷ್ಟು ವೇಗ ನಿರೀಕ್ಷೆ ಮಾಡೋದು ನ್ಯಾಯವಾಗಿತ್ತು? ಅಷ್ಟೊಂದು ನಿರೀಕ್ಷೆ ನಮ್ಮ ತಲೆಗೆ ಬಂದಿದ್ದಾದರೂ ಎಲ್ಲಿಂದ? ಪಕ್ಷಗಳ ಜಗಳ ಬೇಡ, ದಯವಿಟ್ಟು.

ಕೆಂಪುಬಸ್ಸು:
ಆತುರ ಅಂತೆ! ಅಕ್ಕಪಕ್ಕದ ಮನೆಯಲ್ಲಿ ಆಕ್ಸಿಜನ್ ಹುಡುಕ್ತಾ ಇದ್ದಾಗ ಆತುರ ಪಡದೆ ಇನ್ನೇನು ಮಾಡ್ಬೇಕಿತ್ತು?

ಲೆಕ್ಕದಪುಸ್ತಕ:
100 ಕೋಟಿ, 200 ಕೋಟಿ ಅನ್ನೋ ಒಟ್ಟು ಅಂಕಿ ಇಟ್ಟುಕೊಂಡು ವಾದ ಮಾಡಿದ್ರೆ ಇದು ಬಗೆಹರಿಯಲ್ಲ. ತಿಂಗಳ ಲೆಕ್ಕ ತೆಗೀರಿ. ಏಪ್ರಿಲ್‌ನಲ್ಲಿ ಹತ್ತಿರ ಹತ್ತಿರ 9 ಕೋಟಿ ಡೋಸ್ ಹಾಕಿದ್ರು. ಮೇನಲ್ಲಿ ಅದು 6 ಕೋಟಿ ಆಸುಪಾಸಿಗೆ ಇಳೀತು. ಜೂನ್‌ನಲ್ಲಿ ಸುಮಾರು 12 ಕೋಟಿ. ಸೆಪ್ಟೆಂಬರ್ ಒಂದರಲ್ಲೇ 20 ಕೋಟಿ ದಾಟಿತು.

ಈಗ ಮೇ ತಿಂಗಳಲ್ಲಿ ಏನಾಯ್ತು ನೋಡಿ. ಅಲ್ಲೀತನಕ 45 ದಾಟಿದವರಿಗೆ ಮಾತ್ರ ಇತ್ತು, ಅಂದರೆ ದೇಶದಲ್ಲಿ 34 ಕೋಟಿ ಚಿಲ್ಲರೆ ಜನ. ಮೇ 1ರಿಂದ 18 ದಾಟಿದ ಎಲ್ಲರಿಗೂ ಅಂದ್ರು, ಒಂದೇ ದಿನಕ್ಕೆ ಸುಮಾರು 60 ಕೋಟಿ ಜನ ಸಾಲಿಗೆ ಬಂದು ಸೇರಿದ್ರು. ಸಾಲು ಮೂರು ಪಟ್ಟು ಹತ್ತಿರ ಆಯ್ತು, ಕೊಡೋ ಡೋಸ್ ಮೂರನೇ ಒಂದು ಭಾಗ ಕಮ್ಮಿ ಆಯ್ತು. ಜನಕ್ಕೆ ತಾಳ್ಮೆ ಇರಲಿಲ್ಲ ಅನ್ನೋರು ಈ ಒಂದು ತಿಂಗಳಿಗೆ ಉತ್ತರ ಕೊಡಲಿ, ಸಾಕು.

ಅತ್ತಿಮರ:
ಲೆಕ್ಕ ಸರಿ ಇದೆ. ಆದ್ರೆ ಮೇ ತಿಂಗಳಲ್ಲಿ ದೇಶವೇ ಮಲಗಿತ್ತು ಅನ್ನೋದನ್ನೂ ಸೇರಿಸಿ. ಲಾಕ್‌ಡೌನ್, ಸಿಬ್ಬಂದಿಗೇ ಕೋವಿಡ್, ಆಸ್ಪತ್ರೆ ತುಂಬಾ ರೋಗಿಗಳು. ಸ್ಟಾಕ್ ಒಂದೇ ಕಾರಣ ಅಂತ ಹೇಗೆ ಹೇಳ್ತೀರಿ?

ಐಸ್‌ಪ್ಯಾಕ್:
ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು, ಆ ಇಡೀ ವರ್ಷ ಲಸಿಕೆ ಕೊಠಡಿಯಲ್ಲೇ ಇದ್ದೆ. ಅತ್ತಿಮರ ಅವರೇ, ಸಿಬ್ಬಂದಿಗೆ ಕಾಯಿಲೆ ಆಗಿದ್ದು ನಿಜ. ಆದರೆ ಮೇ ತಿಂಗಳಲ್ಲಿ ನಮ್ಮ ಫ್ರಿಜ್ ಖಾಲಿ ಇತ್ತು, ಸಿರಿಂಜ್ ಡಬ್ಬ ತುಂಬಿತ್ತು. ಕೈ ಇತ್ತು, ಔಷಧಿ ಇರಲಿಲ್ಲ.

ಅದಕ್ಕಿಂತ ಹಿಂದಿನ ಕಥೆ ಯಾರೂ ಹೇಳಲ್ಲ, ಅದನ್ನೂ ಹೇಳ್ತೀನಿ. ಜನವರಿ 16ಕ್ಕೆ ದೇಶದಲ್ಲಿ 3,006 ಕೇಂದ್ರ, ಒಂದೊಂದಕ್ಕೆ 100 ಜನ ಅಂತ ಪ್ಲಾನ್. ಮೂರು ಲಕ್ಷ ಆಗಬೇಕಿತ್ತು, ಆಗಿದ್ದು 1.9 ಲಕ್ಷದಷ್ಟು. ಯಾಕೆ ಗೊತ್ತಾ? ಪಟ್ಟಿಯಲ್ಲಿ ಹೆಸರಿದ್ದ ನಮ್ಮವರೇ, ಅಂದರೆ ಆರೋಗ್ಯ ಸಿಬ್ಬಂದಿಯೇ, ಬರಲಿಲ್ಲ. ‘ನೀವು ಹಾಕಿಸ್ಕೊಳ್ಳಿ, ಒಂದು ವಾರ ನೋಡಿ ಬರ್ತೀವಿ’ ಅನ್ನೋರು. ಕೋವಿಶೀಲ್ಡ್ ಒಂದು ವಯಲ್‌ನಲ್ಲಿ, ಅಂದರೆ ಲಸಿಕೆಯ ಪುಟ್ಟ ಸೀಸೆಯಲ್ಲಿ, 10 ಡೋಸ್. ಮುಚ್ಚಳ ಚುಚ್ಚಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ವಯಲ್ ಮೇಲೆ ತೆರೆದ ಟೈಮ್ ಪೆನ್ನಲ್ಲಿ ಬರೆದು, ನಾಲ್ಕು ಜನಕ್ಕೆ ಹಾಕಿ, ಉಳಿದ ಆರು ಜನಕ್ಕೆ ಫೋನ್ ಮಾಡ್ತಾ ಕೂತಿದ್ದೀವಿ. ಫೆಬ್ರವರಿಯಲ್ಲಿ ನಾವು ಜನರನ್ನ ಕರೀತಾ ಇದ್ವಿ, ಮೇನಲ್ಲಿ ಅದೇ ಜನ ಗೇಟ್ ಅಲ್ಲಾಡಿಸ್ತಾ ಇದ್ರು.

ಜವಾರಿಮಂದಿ:
ಐಸ್‌ಪ್ಯಾಕ್ ಮೇಡಂ ಹೇಳಿದ್ದು ಖರೇ ಅದ. ನಮ್ಮ ಊರಾಗೂ ಮೊದಲ ಯಾರೂ ಮುಂದ ಬರಲಿಲ್ರಿ. ಸೂಜಿ ಮಾಡಿಸ್ಕೊಂಡ್ರ ಜ್ವರ ಬರ್ತಾವು, ಮಕ್ಕಳಾಗಂಗಿಲ್ಲ, ಏನೇನೋ ಸುದ್ದಿ. ಆಶಾ ಅಕ್ಕಾರು ಮನಿ ಮನಿಗೆ ಬಂದ್ರ ಬಾಗಲಾ ಹಾಕ್ಕೊಂತಿದ್ರು. ಮುಂದ ಏಪ್ರಿಲ್ ಕಡಿಗೆ ಊರಾಗ ಒಂದರ ಹಿಂದ ಒಂದು ಸಾವು ಆದೂ ನೋಡ್ರಿ, ಅವಾಗ ಎಲ್ಲಾರೂ ಒಮ್ಮೆಲೇ ಎದ್ದು ಹೊಂಟ್ರು. ಹ್ವಾದ್ರ ಅಲ್ಲಿ ‘ಇವತ್ತ ಸ್ಟಾಕ್ ಇಲ್ಲ’ ಅಂತ ಬೋರ್ಡ್.

ಸಂಜೆಬಿಸಿಲು:
ಹಿಂಜರಿಕೆ ಹಿಂಜರಿಕೆ ಅಂತ ಜನರ ಮೇಲೇ ಹಾಕ್ತೀರಲ್ಲ, ಆ ಹಿಂಜರಿಕೆಗೆ ಕಾರಣ ಇರಲಿಲ್ವಾ? ಕೋವ್ಯಾಕ್ಸಿನ್‌ಗೆ ಜನವರಿ 3ಕ್ಕೆ ಒಪ್ಪಿಗೆ ಕೊಟ್ಟಾಗ ಮೂರನೇ ಹಂತದ ಪ್ರಯೋಗದ ಪರಿಣಾಮಕಾರಿತ್ವದ ಅಂಕಿಯೇ ಹೊರಗೆ ಬಂದಿರಲಿಲ್ಲ. ಮಧ್ಯಂತರ ಫಲಿತಾಂಶ ಬಂದಿದ್ದು ಮಾರ್ಚ್ 3ಕ್ಕೆ. ಆ ಎರಡು ತಿಂಗಳು ಅದನ್ನ ಹಾಕಿಸ್ಕೊಳ್ಳೋರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸ್ಕೋತಾ ಇದ್ರು. ಓದು ಬರಹ ಬಲ್ಲ ನರ್ಸು ಡಾಕ್ಟರೇ ‘ಸ್ವಲ್ಪ ನೋಡೋಣ’ ಅಂದ್ರೆ ಅದು ಮೂಢನಂಬಿಕೆ ಅಲ್ಲ. ಪ್ರಯೋಗದ ಅಂಕಿ ಮುಂದಿಟ್ಟಿದ್ರೆ ಅವರೇ ಮೊದಲು ಬರ್ತಿದ್ರು.

ಅತ್ತಿಮರ:
ಆ ಲಸಿಕೆ ಕೆಲಸ ಮಾಡ್ತು ತಾನೆ? ಕೊನೆಯ ಫಲಿತಾಂಶ ಶೇ 77.8 ಬಂತು, ನವೆಂಬರ್ 3ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೂ ಪಟ್ಟಿಗೆ ಸೇರಿಸ್ಕೊಂಡಿತು.

ಸಂಜೆಬಿಸಿಲು:
ಮಾಡ್ತು, ಬಹಳ ಸಂತೋಷ. ಜನವರಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ ಅನ್ನೋದೇ ನನ್ನ ಮಾತು.

ಬಿಳಿಕೋಟು:
ಲಸಿಕೆ ತಯಾರಿಕೆಯ ಗುಣಮಟ್ಟ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೀನಿ, ಕಂಪನಿ ಹೆಸರು ಬೇಡ. ‘ಫ್ಯಾಕ್ಟರಿಯಲ್ಲಿ ಇನ್ನೊಂದು ಶಿಫ್ಟ್ ಹಾಕಿದ್ರೆ ಆಗಲ್ವಾ’ ಅಂತ ಆಗ ನೆಂಟರೆಲ್ಲ ಕೇಳೋರು. ಆಗಲ್ಲ. ಕೋವ್ಯಾಕ್ಸಿನ್ ತಯಾರಾಗೋದು ಜೀವಂತ ವೈರಸ್ಸನ್ನೇ ಬೆಳೆಸಿ ಆಮೇಲೆ ಕೊಂದು. ಆ ಬೆಳೆಸೋ ಕೆಲಸಕ್ಕೆ ಮೂರನೇ ಹಂತದ ಜೈವಿಕ ಸುರಕ್ಷತೆಯ ಕಟ್ಟಡ ಬೇಕು. ಒಳಗಿನ ಗಾಳಿ ಸೋಸದೆ ಹೊರಗೆ ಹೋಗಬಾರದು, ತ್ಯಾಜ್ಯವೆಲ್ಲ ಶುದ್ಧ ಆಗೇ ಹೊರಗೆ ಬರಬೇಕು, ಒಳಗೆ ಹೋಗೋರಿಗೆ ಬೇರೆಯೇ ತರಬೇತಿ. ಇಂಥ ಕಟ್ಟಡ ದೇಶದಲ್ಲಿ ಎಷ್ಟಿತ್ತು? ಒಂದು ಬ್ಯಾಚ್ ಶುರುವಾಗಿ ವಯಲ್ ಹೊರಗೆ ಬರೋಕೆ ಸುಮಾರು ನಾಲ್ಕು ತಿಂಗಳು ಅಂತ ಅದನ್ನ ತಯಾರಿಸೋ ಭಾರತ್ ಬಯೋಟೆಕ್‌ನವರೇ ಆಗ ಹೇಳಿದ್ರು. ಅಂದ್ರೆ ಮೇ ತಿಂಗಳಲ್ಲಿ ತೋಳಿಗೆ ಬೀಳಬೇಕಾದ ಕೋವ್ಯಾಕ್ಸಿನ್‌ನ ಕೆಲಸ ಜನವರಿಯಲ್ಲೇ ಶುರುವಾಗಿರಬೇಕು. ಮೇನಲ್ಲಿ ಕೂಗಿದರೆ ಸಿಗೋದು ಸೆಪ್ಟೆಂಬರ್‌ಗೆ.

ಕೋವಿಶೀಲ್ಡ್ ದಾರಿ ಬೇರೆ. ಜೀವಕೋಶಗಳನ್ನ ದೊಡ್ಡ ಬಯೋರಿಯಾಕ್ಟರ್‌ನಲ್ಲಿ ಬೆಳೆಸೋದು, ಹಾಗಾಗಿ ಪ್ರಮಾಣ ಹೆಚ್ಚಿಸೋದು ಸ್ವಲ್ಪ ಸುಲಭ. ಆದರೆ ಅದಕ್ಕೂ ಒಮ್ಮೆ ಬಳಸಿ ಬಿಸಾಡೋ ಚೀಲ, ಫಿಲ್ಟರ್, ಪೋಷಕ ದ್ರವ ಎಲ್ಲ ಬೇಕು. ಅದರಲ್ಲಿ ಕೆಲವಕ್ಕೆ ಅಮೆರಿಕದ ತಡೆ ಬಿದ್ದಿತ್ತು. ಕೋವಿಶೀಲ್ಡ್ ತಯಾರಿಸೋ ಸೀರಂ ಕಂಪನಿಯ ಅದಾರ್ ಪೂನಾವಾಲಾ ಏಪ್ರಿಲ್‌ನಲ್ಲಿ ನೇರವಾಗಿ ಅಲ್ಲಿನ ಅಧ್ಯಕ್ಷರನ್ನೇ ಉದ್ದೇಶಿಸಿ ಟ್ವೀಟ್ ಮಾಡಿದ್ದು ನೆನಪಿರಬಹುದು. ಬ್ಯಾಚ್ ತಯಾರಾದ ಮೇಲೂ ಕಸೌಲಿಯ ಕೇಂದ್ರೀಯ ಔಷಧ ಪ್ರಯೋಗಾಲಯ ಪಾಸ್ ಮಾಡದೆ ಒಂದು ಡಬ್ಬವೂ ಅಲ್ಲಾಡಲ್ಲ. ಅಲ್ಲಾಡಲೂ ಬಾರದು.

ಲೆಕ್ಕದಪುಸ್ತಕ:
ಬಿಳಿಕೋಟು ಅವರ ಮಾತನ್ನ ಎಲ್ಲರೂ ಎರಡು ಸಲ ಓದಿ. ನಾಲ್ಕು ತಿಂಗಳು ಮುಂಚೆ ಶುರು ಮಾಡಬೇಕು ಅಂದ್ರೆ ನಾಲ್ಕು ತಿಂಗಳು ಮುಂಚೆ ಯಾರಾದ್ರೂ ದುಡ್ಡು ಕೊಡಬೇಕು. ನಮ್ಮ ಮೊದಲ ಆರ್ಡರ್ ಯಾವಾಗ ಹೋಯ್ತು? 2021ರ ಜನವರಿ 11ರ ಸುಮಾರಿಗೆ, 1.1 ಕೋಟಿ ಕೋವಿಶೀಲ್ಡ್ ಮತ್ತು 55 ಲಕ್ಷ ಕೋವ್ಯಾಕ್ಸಿನ್. ಅಮೆರಿಕ 2020ರ ಮೇ ಹೊತ್ತಿಗೇ, ಲಸಿಕೆ ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲದಾಗಲೇ, ಕಂಪನಿಗಳಿಗೆ ಹಣ ಸುರಿಯೋಕೆ ಶುರು ಮಾಡಿತ್ತು. ನಮ್ಮಲ್ಲಿ ಸೀರಂಗೆ 3,000 ಕೋಟಿ, ಭಾರತ್ ಬಯೋಟೆಕ್‌ಗೆ 1,500 ಕೋಟಿ ರೂಪಾಯಿ ಮುಂಗಡ ಅಂತ ತೀರ್ಮಾನ ಆಗಿದ್ದು ಏಪ್ರಿಲ್‌ನಲ್ಲಿ, ಎರಡನೇ ಅಲೆ ಮನೆ ಬಾಗಿಲಿಗೆ ಬಂದ ಮೇಲೆ.

ಅತ್ತಿಮರ:
ಅಮೆರಿಕದ ಜೊತೆ ಹೋಲಿಸೋದು ಎಷ್ಟು ಸರಿ? ಅವರ ಹತ್ತಿರ ದುಡ್ಡಿದೆ, ಐದಾರು ಲಸಿಕೆಗೆ ಹಾಕಿ ಮೂರು ಮುಳುಗಿದ್ರೂ ಅವರಿಗೆ ಏನಾಗಲ್ಲ.

ಲೆಕ್ಕದಪುಸ್ತಕ:
ಮುಳುಗಿದ್ರೆ ಎಷ್ಟು ಮುಳುಗ್ತಿತ್ತು ಸ್ವಾಮಿ? ಒಂದು ಡೋಸ್‌ಗೆ ಸರ್ಕಾರ ಕೊಟ್ಟ ಬೆಲೆ 200 ರೂಪಾಯಿ, ತೆರಿಗೆ ಬೇರೆ. 30 ಕೋಟಿ ಡೋಸ್ ಮುಂಚೆಯೇ ಬುಕ್ ಮಾಡಿದ್ರೂ 6,000 ಕೋಟಿ. ಆ ವರ್ಷದ ಬಜೆಟ್‌ನಲ್ಲಿ ಲಸಿಕೆಗೆ ಅಂತಲೇ 35,000 ಕೋಟಿ ಇಟ್ಟಿದ್ರು. ಒಂದು ಲಾಕ್‌ಡೌನ್ ವಾರಕ್ಕೆ ಆಗೋ ನಷ್ಟದ ಮುಂದೆ ಇದು ಯಾವ ಲೆಕ್ಕ?

ಕಡಲತಡಿ:
ಮಾರಾಯ್ರೆ, ಆ ರಫ್ತಿನ ವಿಷಯ ಯಾರೂ ಎತ್ತಲಿಲ್ಲವಲ್ಲ. ಆರೂವರೆ ಕೋಟಿ ಹತ್ತಿರ ಡೋಸ್ ಹೊರದೇಶಕ್ಕೆ ಹೋಯಿತು, ಇಲ್ಲಿ ನಮ್ಮವರು ಬಾಯಿ ಬಿಟ್ಟುಕೊಂಡು ಕೂತಿದ್ದರು.

ಬಿಳಿಕೋಟು:
ಎಲ್ಲಾ ದಾನ ಅಲ್ಲ. ಅದರಲ್ಲಿ ದಾನ ಸ್ವಲ್ಪ ಭಾಗ, ದೊಡ್ಡ ಪಾಲು ಕಂಪನಿಯ ವ್ಯಾಪಾರ ಒಪ್ಪಂದ, ಇನ್ನೊಂದಷ್ಟು ಬೇರೆ ಬೇರೆ ದೇಶಗಳಿಗೆ ಲಸಿಕೆ ಹಂಚೋ ಕೋವ್ಯಾಕ್ಸ್ ಅನ್ನೋ ಅಂತಾರಾಷ್ಟ್ರೀಯ ಯೋಜನೆಗೆ. ಸೀರಂ ಬಡ ದೇಶಗಳಿಗೆ ಪೂರೈಸ್ತೀನಿ ಅಂತ ಮಾತು ಕೊಟ್ಟು, ಅದಕ್ಕೆ ಹೊರಗಿನಿಂದ ಹಣ ಪಡೆದಿತ್ತು. ಮತ್ತೆ ರಫ್ತು ಹೆಚ್ಚು ಆಗಿದ್ದು ಜನವರಿ ಕೊನೆಯಿಂದ ಮಾರ್ಚ್ ತನಕ. ಆಗ ಇಲ್ಲಿ ಐಸ್‌ಪ್ಯಾಕ್ ಮೇಡಂ ಜನರಿಗೆ ಫೋನ್ ಮಾಡಿ ಕರೀತಿದ್ರು.

ಕಡಲತಡಿ:
ಅದು ಗೊತ್ತುಂಟು. ಆದರೂ ಎರಡನೇ ಅಲೆ ಬರ್ತದೆ ಅಂತ ಯೋಚನೆ ಮಾಡಿದವರು ಅಷ್ಟನ್ನೂ ಕಳಿಸ್ತಿರಲಿಲ್ಲ. ಮಾರ್ಚ್‌ನಲ್ಲೇ 45 ದಾಟಿದವರಿಗೆಲ್ಲ ತೆರೆದಿದ್ದರೆ ಇಲ್ಲಿಯೇ ಖರ್ಚಾಗ್ತಿತ್ತು. ಮಾರ್ಚ್ ಇಡೀ 60 ದಾಟಿದವರು, ಇಲ್ಲಾ 45 ದಾಟಿ ಬೇರೆ ಕಾಯಿಲೆ ಇದ್ದವರು ಅಂತ ಇಟ್ಟುಕೊಂಡ್ರು. ನಮ್ಮ ದೊಡ್ಡಪ್ಪನಿಗೆ 56, ಯಾವ ಕಾಯಿಲೆಯೂ ಇರಲಿಲ್ಲ, ಹಾಗಾಗಿ ಏಪ್ರಿಲ್ 1ರ ತನಕ ಕಾಯಬೇಕಾಯಿತು. ಮೊದಲ ಡೋಸ್ ಹಾಕಿಸಿಕೊಂಡು ವಾರ ಕಳೆಯುವಷ್ಟರಲ್ಲಿ ಸೋಂಕು ತಗುಲಿತು. ಉಳಿಯಲಿಲ್ಲ.

ಹೊಳೆಸಾಲು:
ಕಡಲತಡಿ ಅವರೇ, ಕೇಳಿ ಬಹಳ ಬೇಜಾರಾಯ್ತು.

ಜವಾರಿಮಂದಿ:
ದೇವರು ಶಾಂತಿ ಕೊಡ್ಲಿ ಅವರಿಗೆ.

ನೆಲಸಂಪಿಗೆ:
ನನಗೆ ಅರ್ಥ ಆಗದೇ ಇರೋದು ಬೇರೆ. ಪೋಲಿಯೋ ಭಾನುವಾರ ಒಂದು ಸುತ್ತಿಗೆ ಸುಮಾರು 17 ಕೋಟಿ ಮಕ್ಕಳಿಗೆ ಹನಿ ಹಾಕ್ತಿದ್ರು. 1995ರಿಂದ ಅದನ್ನ ನೋಡಿಕೊಂಡೇ ಬೆಳೆದೋರು ನಾವು. ಬಸ್ ಸ್ಟ್ಯಾಂಡಲ್ಲಿ ಬೂತ್, ರೈಲಲ್ಲಿ ಬೂತ್, ಬೆರಳಿಗೆ ಶಾಯಿ. 2017ರಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು ಶುರುವಾದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಶಾಲೆ ಶಾಲೆಗೆ ಹೋಗಿ ಕೆಲವೇ ವಾರದಲ್ಲಿ ಹಾಕಿ ಮುಗಿಸಿದ್ರು. ಇದೆಲ್ಲ ನೋಡಿದ ಜನ ‘ಕೋವಿಡ್ ಲಸಿಕೆಯೂ ಹಾಗೇ’ ಅಂದುಕೊಂಡ್ರೆ ಅದು ಅತಿ ಆಸೆ ಹೇಗಾಗುತ್ತೆ? ಹೊಳೆಸಾಲು ಕೇಳಿದ್ದಕ್ಕೆ ಇದೇ ಉತ್ತರ: ನಮ್ಮ ನಿರೀಕ್ಷೆ ಬಂದಿದ್ದು ನಮ್ಮದೇ ಅನುಭವದಿಂದ.

ಐಸ್‌ಪ್ಯಾಕ್:
ಈ ಮಾತು ನನಗೆ ಹಿಡಿಸಿತು. ಆದ್ರೆ ಪೋಲಿಯೋ ಹನಿಗೆ ಆಧಾರ್ ಬೇಡ, ನೋಂದಣಿ ಬೇಡ, ಅರ್ಧ ಗಂಟೆ ಕೂರಿಸಿ ನೋಡೋದು ಬೇಡ. ಬಾಯಿ ತೆರೆಸಿ ಎರಡು ಹನಿ, ಶಾಯಿ, ಮುಂದಿನ ಮಗು. ಸ್ವಯಂಸೇವಕರೂ ಹಾಕ್ತಾರೆ. ಕೋವಿಡ್‌ಗೆ ಒಬ್ಬರು ಗುರುತು ನೋಡಬೇಕು, ಒಬ್ಬರು ಕೋವಿನ್ ನೋಂದಣಿ ಪೋರ್ಟಲ್‌ನಲ್ಲಿ ಏರಿಸಬೇಕು, ಒಬ್ಬರು ಚುಚ್ಚಬೇಕು, ಆಮೇಲೆ ಮೂವತ್ತು ನಿಮಿಷ ತಲೆ ಸುತ್ತುತ್ತಾ ಅಂತ ನೋಡ್ಕೋಬೇಕು. ಶುರುವಿನಲ್ಲಿ ಆ ಪೋರ್ಟಲ್ ಕೈಕೊಟ್ಟು ಕಾಗದದಲ್ಲಿ ಬರೆದು ರಾತ್ರಿ ಏರಿಸಿದ್ದೂ ಇದೆ.

ಅದು ಬಿಟ್ರೆ ಉಳಿದಿದ್ದೆಲ್ಲ ಹಳೆಯ ವ್ಯವಸ್ಥೆಯೇ. 2ರಿಂದ 8 ಡಿಗ್ರಿ, ಗೋಡೆಗೆ ಐಸ್ ಪದರ ಇರೋ ಅದೇ ಫ್ರಿಜ್, ನಾಲ್ಕು ಐಸ್‌ಪ್ಯಾಕ್ ಇಟ್ಟ ಅದೇ ನೀಲಿ ಕ್ಯಾರಿಯರ್. ಫೈಜರ್ ಥರ ಮೈನಸ್ 70 ಡಿಗ್ರಿ ಕೇಳೋ ಲಸಿಕೆ ನಮಗೆ ಬಂದಿದ್ರೆ ಹಳ್ಳಿಗೆ ತಲುಪಿಸೋದು ಕನಸೇ.

ಲೆಕ್ಕದಪುಸ್ತಕ:
ಹಾಕೋ ಸಾಮರ್ಥ್ಯ ಇತ್ತು ಅನ್ನೋದಕ್ಕೆ ಪುರಾವೆ ಸೆಪ್ಟೆಂಬರ್ 17. ಒಂದೇ ದಿನ ಎರಡೂವರೆ ಕೋಟಿ. ಮೇ ತಿಂಗಳ ಹಲವು ದಿನ 20 ಲಕ್ಷವೂ ಮುಟ್ಟಿರಲಿಲ್ಲ. ಅದೇ ನರ್ಸು, ಅದೇ ಕೇಂದ್ರ.

ಕೆಂಪುಬಸ್ಸು:
ಅದು ಪ್ರಧಾನಿ ಹುಟ್ಟುಹಬ್ಬದ ದಿನ. ಹಿಂದೆ ಮುಂದೆ ನಾಲ್ಕು ದಿನದ ಲೆಕ್ಕ ನೋಡಿ, ದಾಖಲೆ ಮಾಡೋಕೆ ಸ್ಟಾಕ್ ಕೂಡಿಸಿಟ್ಟ ಹಾಗೇ ಕಾಣುತ್ತೆ. ಜೂನ್ 21ಕ್ಕೂ ಹಾಗೇ, 80 ಲಕ್ಷ ದಾಟಿಸಿ ಮರುದಿನ ಇಳೀತು.

ಹೊಳೆಸಾಲು:
ಪಕ್ಷದ ಜಗಳ ಬೇಡ ಅಂದಿದ್ದೆ.

ಕೆಂಪುಬಸ್ಸು:
ಪಕ್ಷ ಎಲ್ಲಿ ತಂದೆ? ದಿನದ ಅಂಕಿ ಹೇಳಿದೆ. ಒಂದು ದಿನದ ದಾಖಲೆ ತೋರಿಸಿದ್ರೆ ಜನ ನಾಳೆಯೂ ಅಷ್ಟೇ ಸಿಗುತ್ತೆ ಅಂದುಕೊಂಡು ಬೆಳಗ್ಗೆ ಐದಕ್ಕೆ ಬಂದು ನಿಲ್ತಾರೆ. ನಿರೀಕ್ಷೆ ಹೆಚ್ಚಾಗೋದು ಹೀಗೆ.

ಥರ್ಮಾಮೀಟರ್:
ನಿರೀಕ್ಷೆ ಎಲ್ಲಿಂದ ಬಂತು ಅನ್ನೋದಕ್ಕೆ ನನ್ನದೂ ಒಂದು. ಘೋಷಣೆ ಮಾಡಿದವರಿಂದಲೇ ಬಂತು. ಮೊದಲು ಹೇಳಿದ್ದು 30 ಕೋಟಿ ಜನಕ್ಕೆ ಜುಲೈ-ಆಗಸ್ಟ್ ಒಳಗೆ ಅಂತ. ಅದು ನಿಧಾನದ, ಆದರೆ ಅಳತೆಗೆ ಸಿಗೋ ಗುರಿ. ಆಮೇಲೆ ಅಲೆ ಬಂತು, ಗಲಾಟೆ ಆಯ್ತು, ಏಪ್ರಿಲ್ 19ಕ್ಕೆ ‘ಮೇ 1ರಿಂದ ಎಲ್ಲರಿಗೂ’ ಅಂದ್ರು. ಕರ್ನಾಟಕದಲ್ಲಿ ಏನಾಯ್ತು ನೆನಪಿದೆಯಾ? ‘ಲಸಿಕೆ ಬಂದಿಲ್ಲ, ಮೇ 1ಕ್ಕೆ ಆಸ್ಪತ್ರೆ ಮುಂದೆ ಸಾಲು ನಿಲ್ಲಬೇಡಿ’ ಅಂತ ಆರೋಗ್ಯ ಸಚಿವರೇ ಹೇಳಬೇಕಾಯ್ತು. ಮೇ 10ಕ್ಕೆ ಶುರು ಮಾಡಿದ್ರು, ಮೇ 14ರಿಂದ ಮತ್ತೆ ನಿಲ್ಲಿಸಿದ್ರು, ಯಾಕಂದ್ರೆ 45 ದಾಟಿದವರ ಎರಡನೇ ಡೋಸ್‌ಗೇ ಇರಲಿಲ್ಲ. ಆಗ ನನಗೆ 29, ನನ್ನಮ್ಮನ ಎರಡನೇ ಡೋಸ್ ಬಾಕಿ. ನನಗೆ ಸಿಕ್ಕಿದ್ದು ಅವರದ್ದನ್ನ ಕಿತ್ಕೊಂಡ ಹಾಗೆ ಅನ್ನಿಸೋ ಪರಿಸ್ಥಿತಿ ತಂದಿಟ್ರು. ಅದನ್ನ ನಾನು ಮರೆಯಲ್ಲ.

ಅದರ ಮೇಲೆ ಮೂರು ಬೆಲೆ. ಕೇಂದ್ರಕ್ಕೆ ಒಂದು, ರಾಜ್ಯಕ್ಕೆ ಒಂದು, ಖಾಸಗಿ ಆಸ್ಪತ್ರೆಗೆ ಒಂದು. ಒಂದೇ ಕಾರ್ಖಾನೆಯ ಮಾಲಿಗೆ ರಾಜ್ಯಗಳು ಒಂದಕ್ಕೊಂದು ಪೈಪೋಟಿ. ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ 18ರಿಂದ 44ರವರ ನೀತಿಯನ್ನ ಮೇಲ್ನೋಟಕ್ಕೆ ಮನಬಂದಂತೆ ಮಾಡಿದ್ದು ಅಂತ ಹೇಳಿದ ಮೇಲೆ ಜೂನ್ 7ಕ್ಕೆ ಕೇಂದ್ರದವರು ಹಳೇ ದಾರಿಗೆ ವಾಪಸ್ ಬಂದ್ರು. ಜೂನ್ 21ರಿಂದ ಶೇ 75 ಕೇಂದ್ರವೇ ಕೊಂಡು ಉಚಿತವಾಗಿ ಕೊಡೋದು ಅಂತ ಆಯ್ತು.

ಅತ್ತಿಮರ:
ಕೆಲವು ರಾಜ್ಯಗಳೇ ನಮಗೆ ಕೊಳ್ಳೋಕೆ ಬಿಡಿ ಅಂತ ಕೇಳಿದ್ದು, ಅದನ್ನೂ ಬರೀರಿ.

ಥರ್ಮಾಮೀಟರ್:
ಕೇಳಿದ್ರು, ನಿಜ. ಮಾಲು ಇಲ್ಲದಾಗ ಯಾರು ಕೊಂಡರೂ ಅಷ್ಟೇ ಅಂತ ಕೇಂದ್ರಕ್ಕೆ ಗೊತ್ತಿತ್ತು, ಉತ್ಪಾದನೆಯ ಅಂಕಿ ಅವರ ಕೈಲೇ ಇತ್ತು.

ಹಾಲಕ್ಕಿ:
ಆನ್‌ಲೈನಲ್ಲಿ ಲಸಿಕೆ ಸ್ಲಾಟ್ ಬುಕ್ ಮಾಡೋ ವಿಷಯ ಬರಲೇ ಇಲ್ಲ! ಟೆಲಿಗ್ರಾಂ ಗ್ರೂಪಲ್ಲಿ ಟಿಂಗ್ ಅಂದ ತಕ್ಷಣ ಒಟಿಪಿ ಹೊಡೆಯೋದು, ಹೊಡೆಯೋಷ್ಟರಲ್ಲಿ ಹಸಿರು ಹೋಗಿ ಕೆಂಪು. ಬೆಂಗಳೂರಿನಿಂದ ಕಾರು ಹಾಕ್ಕೊಂಡು ಪಕ್ಕದ ಜಿಲ್ಲೆಯ ಹಳ್ಳಿ ಆಸ್ಪತ್ರೆಗೆ ಬರೋರು. ಊರಿನೋರು ಬಾಗಿಲಲ್ಲಿ ನಿಂತು ನೋಡೋರು, ಅವರ ಹತ್ತಿರ ಸ್ಮಾರ್ಟ್‌ಫೋನೇ ಇಲ್ಲ. ಒಂದು ಸಲ ಜಗಳ ಆಗಿ ಪೊಲೀಸ್ ಬಂದಿದ್ರು ನಮ್ಮಲ್ಲಿ.

ಐಸ್‌ಪ್ಯಾಕ್:
ನಮ್ಮಲ್ಲೂ ಹಾಗೇ. ಮೇ 24ಕ್ಕೆ ಸರ್ಕಾರಿ ಕೇಂದ್ರದಲ್ಲಿ 18ರಿಂದ 44ರವರಿಗೂ ಸ್ಥಳದಲ್ಲೇ ನೋಂದಣಿ ಮಾಡಬಹುದು ಅಂದ ಮೇಲೆ ಕಮ್ಮಿ ಆಯ್ತು. ಅದಕ್ಕೆ ಮುಂಚೆ ಹೊರಗಿನವರು ಬಂದ್ರೆ ನಾವು ಕಳಿಸೋ ಹಾಗಿಲ್ಲ, ಬುಕ್ಕಿಂಗ್ ಇದೆ. ಹೊಲದಿಂದ ಬಂದ ಹೆಂಗಸಿಗೆ ‘ನಿಮ್ಮ ಹೆಸರು ಕಂಪ್ಯೂಟರಲ್ಲಿ ಇಲ್ಲಮ್ಮ’ ಅಂತ ಹೇಳೋದು ನನ್ನ ಪಾಲಿಗೆ ಬಂದಿತ್ತು. ಆ ಹೆಂಗಸನ್ನ ಫೆಬ್ರವರಿಯಲ್ಲಿ ನಾನೇ ಮನೆಗೆ ಹೋಗಿ ಬಾ ಅಂತ ಕರೆದಿದ್ದೆ, ನಿನ್ನ ವಯಸ್ಸಿನವರ ಸರದಿ ಬಂದಾಗ ತಪ್ಪದೆ ಬಾ ಅಂತ.

ನೆಲಸಂಪಿಗೆ:
ಎರಡು ಡೋಸ್ ನಡುವಿನ ಅಂತರ ಇದ್ದಿದ್ದೇ 12ರಿಂದ 16 ವಾರ ಅಲ್ವಾ, ಹಾಗಾಗಿ ಎರಡನೆಯದಕ್ಕೆ ಕಾಯೋದು ತಪ್ಪೇನಿತ್ತು?

ಬಿಳಿಕೋಟು:
ಮೊದಲಿಂದ ಹಾಗಿರಲಿಲ್ಲ. ಕೋವಿಶೀಲ್ಡ್‌ಗೆ ಶುರುವಿನಲ್ಲಿ 4 ವಾರ. ಮಾರ್ಚ್ 22ಕ್ಕೆ 6ರಿಂದ 8 ವಾರ ಅಂದ್ರು, ಮೇ 13ಕ್ಕೆ 12ರಿಂದ 16. ಕೋವ್ಯಾಕ್ಸಿನ್ ಮಾತ್ರ ಉದ್ದಕ್ಕೂ 4ರಿಂದ 6 ವಾರವೇ ಇತ್ತು.

ಕೆಂಪುಬಸ್ಸು:
ಮೇ 13! ಸ್ಟಾಕ್ ಖಾಲಿಯಾದ ವಾರವೇ ವಿಜ್ಞಾನ ಬದಲಾಯ್ತು ಅಂತ ನಂಬಬೇಕಾ?

ಬಿಳಿಕೋಟು:
ವಿಜ್ಞಾನ ಇತ್ತು. ಬ್ರಿಟನ್ 2020ರ ಡಿಸೆಂಬರ್ ಕೊನೆಗೇ 12 ವಾರಕ್ಕೆ ಹೋಗಿತ್ತು. ಆ ಲಸಿಕೆಗೆ ಅಂತರ ಜಾಸ್ತಿ ಮಾಡಿದ್ರೆ ರಕ್ಷಣೆ ಚೆನ್ನಾಗಿ ಬರುತ್ತೆ ಅಂತ ಅಂಕಿ ಇತ್ತು. ಇರೋ ಡೋಸನ್ನ ಹೆಚ್ಚು ಜನರ ಮೊದಲ ಡೋಸ್‌ಗೆ ಹಂಚೋದು ಜೀವ ಉಳಿಸೋ ಲೆಕ್ಕವೇ. ಹಾಗಿದ್ರೆ ಜನವರಿಯಲ್ಲೇ ಮಾಡಬಹುದಿತ್ತು. ‘ಲಸಿಕೆ ಕಮ್ಮಿ ಇದೆ, ಅಂತರ ಹೆಚ್ಚಿಸಿದರೂ ತೊಂದರೆ ಇಲ್ಲ, ಅದಕ್ಕೇ ಹೀಗೆ ಮಾಡ್ತಾ ಇದ್ದೀವಿ’ ಅಂತ ಎರಡೂ ಕಾರಣ ಒಟ್ಟಿಗೆ ಹೇಳಿದ್ರೆ ಜನ ಒಪ್ಪಿಕೊಳ್ತಿದ್ರು. ಒಂದನ್ನೇ ಹೇಳಿದ್ದಕ್ಕೆ ಅನುಮಾನ ಬಂತು.

ಹಾಲಕ್ಕಿ:
ನನ್ನ ತಮ್ಮ ಓದೋಕೆ ಹೊರದೇಶಕ್ಕೆ ಹೊರಟಿದ್ದ, ಎರಡನೇ ಡೋಸ್‌ಗೆ 12 ವಾರ, ಅಂದರೆ 84 ದಿನ ಅಂದ ಕೂಡಲೇ ಮನೆಯೆಲ್ಲ ತಲೆ ಮೇಲೆ ಕೈ ಹೊತ್ತು ಕೂತ್ವಿ. ಜೂನ್‌ನಲ್ಲಿ ವಿದ್ಯಾರ್ಥಿಗಳಿಗೆ, ಕೆಲಸಕ್ಕೆ ಹೋಗೋರಿಗೆ 28 ದಿನಕ್ಕೇ ಕೊಡಬಹುದು ಅಂತ ಆಯ್ತು. ವೀಸಾ ಕಾಗದ ತೋರಿಸಿ ಹಾಕಿಸಿದ್ವಿ.

ಅತ್ತಿಮರ:
ಎಲ್ಲರೂ ಮೇ ತಿಂಗಳಿಗೇ ಅಂಟಿಕೊಂಡಿದ್ದೀರಿ. ಒಟ್ಟು ಚಿತ್ರ ನೋಡಿ. ಡಿಸೆಂಬರ್ ಒಳಗೆ ಎಲ್ಲಾ ವಯಸ್ಕರಿಗೂ ಅಂದ್ರು. ಆಗಸ್ಟ್‌ನಿಂದ ಡಿಸೆಂಬರ್‌ಗೆ 216 ಕೋಟಿ ಡೋಸ್ ಅಂದಾಗ ಎಲ್ಲರೂ ನಕ್ಕರು. ಕೊನೆಗೆ ಆಗಲಿಲ್ವಾ?

ಲೆಕ್ಕದಪುಸ್ತಕ:
ಆಗಲಿಲ್ಲ. ಡಿಸೆಂಬರ್ 31ಕ್ಕೆ, ಜನವರಿಯಿಂದ ಲೆಕ್ಕ ಹಾಕಿದರೂ, ಸುಮಾರು 145 ಕೋಟಿ. ವಯಸ್ಕರಲ್ಲಿ ಮೊದಲ ಡೋಸ್ ಆದವರು ಶೇ 90ರ ಹತ್ತಿರ, ಎರಡೂ ಆದವರು ಶೇ 60 ಚಿಲ್ಲರೆ. 200 ಕೋಟಿ ಆಗಿದ್ದು 2022ರ ಜುಲೈ 17ಕ್ಕೆ. ಆ 216 ಕೋಟಿಯ ಪಟ್ಟಿಯಲ್ಲಿ ಬಯಾಲಜಿಕಲ್ ಇ, ನೋವಾವ್ಯಾಕ್ಸ್, ಮೂಗಿಗೆ ಬಿಡೋ ಲಸಿಕೆ, ಎಲ್ಲ ಸೇರಿಸಿದ್ರು. ಬಯಾಲಜಿಕಲ್ ಇ ಕಂಪನಿಯ ಕಾರ್ಬೆವ್ಯಾಕ್ಸ್, ನೋವಾವ್ಯಾಕ್ಸ್‌ನ ಇಲ್ಲಿನ ರೂಪವಾದ ಕೋವೊವ್ಯಾಕ್ಸ್ ಎರಡಕ್ಕೂ ಅನುಮತಿ ಸಿಕ್ಕಿದ್ದೇ ಡಿಸೆಂಬರ್ 28ಕ್ಕೆ. ರಷ್ಯಾದ ಲಸಿಕೆ ಸ್ಪುಟ್ನಿಕ್ ಬಂದಿದ್ದು ಚೂರುಪಾರು.

ಶೇ 90 ಮೊದಲ ಡೋಸ್ ಅನ್ನೋದು ದೊಡ್ಡ ಸಾಧನೆ, ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. 216 ಅನ್ನೋದೇ ಬಾಯಿಗೆ ಬರದೇ ಇದ್ದಿದ್ರೆ 145 ಅನ್ನೋದು ಹಬ್ಬ ಆಗ್ತಿತ್ತು.

ಅತ್ತಿಮರ:
ಗುರಿ ದೊಡ್ಡದಿಟ್ಟಿದ್ದಕ್ಕೇ ಅಲ್ಲಿತನಕ ಹೋಯ್ತು ಅಂತ ನಾನು ಹೇಳ್ತೀನಿ. ಸಣ್ಣ ಗುರಿ ಇಟ್ಟಿದ್ರೆ ಕಂಪನಿಗಳೂ ಜಿಲ್ಲಾಡಳಿತವೂ ಆರಾಮಾಗಿರ್ತಿದ್ವು.

ಥರ್ಮಾಮೀಟರ್:
ಒಳಗಿನ ಗುರಿ ಎಷ್ಟು ಬೇಕಾದ್ರೂ ದೊಡ್ಡದಿರಲಿ. ಜನರಿಗೆ ಹೇಳೋ ದಿನಾಂಕ ಮಾತ್ರ ಗೋಡೌನಿನಲ್ಲಿ ಇರೋ ಮಾಲು ನೋಡಿ ಹೇಳಬೇಕು. ‘ನಿಮ್ಮ ವಯಸ್ಸಿನವರಿಗೆ ಜುಲೈ ಎರಡನೇ ವಾರ’ ಅಂದಿದ್ರೆ ನಾನು ಮನೆಯಲ್ಲಿ ಬಾಗಿಲು ಹಾಕ್ಕೊಂಡು ಕಾಯ್ತಿದ್ದೆ. ಇವತ್ತು ಸಿಗುತ್ತೆ ಅಂತ ಕರೆದು ನಾಲ್ಕು ಗಂಟೆ ಗುಂಪಲ್ಲಿ ನಿಲ್ಲಿಸಿ ವಾಪಸ್ ಕಳಿಸಿದ್ರೆ ಅಲ್ಲೇ ಸೋಂಕು ಅಂಟ್ಕೊಂಡು ಬರ್ತೀವಿ. ಕಾಯೋದಕ್ಕೆ ಯಾರೂ ಹೆದರಲಿಲ್ಲ. ಎಷ್ಟು ದಿನ ಅಂತ ಗೊತ್ತಿಲ್ಲದೆ ಕಾಯೋದು ಜೀವ ತಿಂತು.

ಕಡಲತಡಿ:
ಇದಕ್ಕೆ ನನ್ನದೂ ಸಹಿ.

ಜವಾರಿಮಂದಿ:
ನಂದೂ. ಖರೇ ಹೇಳಿದ್ರ ಮಂದಿ ಕೇಳ್ತಾರ್ರಿ. ನವೆಂಬರ್‌ದಾಗ ಮನಿ ಮನಿಗೆ ಬಂದು ಹಾಕೂದು ಶುರು ಮಾಡಿದ್ರಲ್ಲ, ನಮ್ಮ ಅಜ್ಜಿ ಹಾಸಿಗಿ ಹಿಡದಿದ್ಲು, ಅವಾಗ ಹಾಕಿಸ್ಕೊಂಡ್ಲು. ಅದನ್ನ ಮೊದಲ ಮಾಡಾಕ ಬರ್ತಿತ್ತಲ್ಲ?

ಐಸ್‌ಪ್ಯಾಕ್:
ಮನೆಗೆ ಹೋಗಿ ಹಾಕಿದ್ರೆ ಒಂದು ವಯಲ್ ತೆರೆದು ನಾಲ್ಕು ಗಂಟೆಯೊಳಗೆ ಹತ್ತು ಜನ ಸಿಗಬೇಕು, ತಲೆ ಸುತ್ತಿದ್ರೆ ನೋಡೋಕೆ ಡಾಕ್ಟರ್ ಹತ್ತಿರ ಇರಬೇಕು. ಮೇನಲ್ಲಿ ಒಂದು ವಯಲ್ ಅಂದ್ರೆ ಚಿನ್ನ, ಐದು ಡೋಸ್ ಚೆಲ್ಲೋ ಧೈರ್ಯ ಯಾರಿಗಿತ್ತು? ನವೆಂಬರ್‌ನಲ್ಲಿ ಫ್ರಿಜ್ ತುಂಬಾ ಇತ್ತು, ಅದಕ್ಕೇ ಹೋಗೋಕಾಯ್ತು. ಹಾಸಿಗೆ ಹಿಡಿದವರಿಗೆ ಮಾತ್ರ ಬೇರೆ ದಾರಿ ಮಾಡಬಹುದಿತ್ತು ಅನ್ನೋದು ಒಪ್ತೀನಿ, ಅದನ್ನ ಕೆಲವು ಕಡೆ ಸ್ಥಳೀಯವಾಗಿ ಮಾಡಿದ್ದಾರೆ ಕೂಡ.

ಹೊಳೆಸಾಲು:
ಐಸ್‌ಪ್ಯಾಕ್ ಮೇಡಂ, ಒಂದು ಕೇಳ್ತೀನಿ. ಮೇ ತಿಂಗಳಲ್ಲಿ 50 ಡೋಸ್ ಬಂದು 300 ಜನ ನಿಂತಿದ್ದಾಗ ಯಾರಿಗೆ ಕೊಡಬೇಕು ಅಂತ ಹೇಗೆ ತೀರ್ಮಾನ ಮಾಡಿದ್ರಿ? ಮೇಲಿಂದ ಏನಾದ್ರೂ ಲಿಖಿತವಾಗಿ ಬಂದಿತ್ತಾ?

ಐಸ್‌ಪ್ಯಾಕ್:
ಎರಡನೇ ಡೋಸ್‌ನವರಿಗೆ ಮೊದಲು ಅಂತ ಬಂದಿತ್ತು. ಅವರಲ್ಲೇ ಯಾರಿಗೆ ಮೊದಲು ಅನ್ನೋದು ನಮಗೇ ಬಿಟ್ಟಿದ್ದು. ನಾವು ರಿಜಿಸ್ಟರ್ ತೆಗೆದು ಯಾರ ದಿನಾಂಕ ಜಾಸ್ತಿ ಮೀರಿದೆ ಅಂತ ನೋಡಿ ಹಿಂದಿನ ಸಂಜೆಯೇ 50 ಹೆಸರು ಬರೆದು ಪಂಚಾಯ್ತಿ ಗೋಡೆಗೆ ಅಂಟಿಸ್ತಿದ್ವಿ, ಆಶಾ ಹುಡುಗಿಯರು ಆ ಮನೆಗಳಿಗೆ ಹೋಗಿ ಹೇಳಿ ಬರ್ತಿದ್ರು. ಪಟ್ಟಿ ಅಂಟಿಸಿದ ಮೇಲೆ ಗೇಟ್ ಹತ್ತಿರ ಜಗಳ ಬಹಳ ಕಮ್ಮಿ ಆಯ್ತು. ನಾಳೆ ಎಷ್ಟು ಬರುತ್ತೆ ಅಂತ ನಮಗೆ ಗೊತ್ತಾಗ್ತಿದ್ದಿದ್ದೇ ಸಂಜೆ ಆರರ ಮೇಲೆ, ಅದಕ್ಕೇ ಕೆಲವು ದಿನ ಪಟ್ಟಿ ಅಂಟಿಸೋಷ್ಟರಲ್ಲಿ ಕತ್ತಲಾಗಿರೋದು.

ಲೆಕ್ಕದಪುಸ್ತಕ:
ಸಂಜೆ ಆರಕ್ಕೆ? ಜಿಲ್ಲೆಗೆ ಮಾತ್ರ ಎರಡು ವಾರದ ಪಾಲು ಮುಂಚೆಯೇ ತಿಳಿಸ್ತೀವಿ ಅಂತ ಪತ್ರಿಕಾ ಹೇಳಿಕೆ ಇರ್ತಿತ್ತಲ್ಲ?

ಐಸ್‌ಪ್ಯಾಕ್:
ಜಿಲ್ಲೆಗೆ ಬರ್ತಿತ್ತೇನೋ. ನಮ್ಮ ಹತ್ತಿರ ಬರೋಷ್ಟರಲ್ಲಿ ಸಂಜೆ ಆರು.